ಚಿಲ್ಲರ

ಮೊದಲನೇ ಗುಳಿಗಿ ಬಿಳೀದು, ತೊಗರಿ ಬ್ಯಾಳಿಯಷ್ಟ.
ಬಾಯಿ ಒಣಗಿ ನಾಲಿಗಿ ಅಂಗುಳಕ್ಕ ಅಂಟಿತು.
ಮೇ ತಿಂಗಳು, ಸೇಡಂ ಬಸ್ಸು, ನಲವತ್ನಾಕು ಡಿಗ್ರಿ,
"ಮಳಖೇಡ, ಮಳಖೇಡ" ಅಂತ ಕೂಗಬೇಕು ನಾ.
ಕೂಗಿದರ ಒಳಗಿಂದ ಬರೋದು ಬರೀ ಗಾಳಿ.
ಜನ ತಮ್ಮ ಊರು ತಾವೇ ಗುರ್ತು ಹಿಡಿದು ಇಳಿದರು.

ಎರಡನೇದು ಹಳದಿ, ಅರ್ಧ ಮುರಿದು ನುಂಗೋದು.
ನಿದ್ದಿ ಬಂತು. ಎಂಥಾ ನಿದ್ದಿ ಅಂದರ
ಮುಂಜಾನಿ ಆರರ ಗಾಡಿ ಡಿಪೋದಿಂದ ನನ್ನ ಬಿಟ್ಟು ಹೋತು.
ಮೆಮೊ ಬಂತು, ಸಹಿ ಮಾಡಿದೆ,
ಯಾರದೋ ಹೆಸರಿಗೆ ಬಂದಂಗ.
ಅಳು ಬರಲಿಲ್ಲ. ಬಂದಿದ್ದರ
ಅದನ್ನಾದರೂ ಯಾರಿಗಾದರೂ ತೋರಿಸಬಹುದಿತ್ತು.

ಅತ್ತಿ ಅಂದಳು: "ನಿನಗೇನ್ ಕಮ್ಮಿ ಆಗ್ಯಾದ?
ಸರ್ಕಾರಿ ಪಗಾರ, ಕುಡಿಯದ ಗಂಡ.
ಕೊರಳಿಗೊಂದು ದಾರ ಕಟ್ಟಿಸಿಕೋ."
ಕಟ್ಟಿಸಿಕೊಂಡೆ. ಕುತ್ತಿಗಿ ಜರಾ ತುರಿಸ್ತು, ಅಷ್ಟ.

ಹೆಂಗಸರಿಗೆ ಸೊನ್ನಿ ರೂಪಾಯಿ ಟಿಕೀಟು ಈಗ.
ದಿನಕ್ಕ ನೂರಿಪ್ಪತ್ತು ಸೊನ್ನಿ ಹರೀತೀನಿ ಮಿಷಿನ್ನಿಂದ,
ಟೆಂಗಳಿ ಕ್ರಾಸಿಗೆ ಸೊನ್ನಿ, ಮಳಖೇಡಕ್ಕ ಸೊನ್ನಿ.
ರೊಕ್ಕ ಇಲ್ಲ, ಆದರ ಲೆಕ್ಕದಾಗ ಹಿಡೀಬೇಕು.
ನಾನೂ ಹಂಗ ಹೋಗ್ತಿದ್ದೆ ದಿನಾ,
ಕೈಯಾಗ ಸೊನ್ನಿ ಹಿಡಕೊಂಡು, ಸೀಟಿಲ್ಲದ.

ಮೂರನೇದನ್ನ ನಾನೇ ಬಿಟ್ಟೆ, ಹೇಳದ ಕೇಳದ.
ಆರು ದಿನಕ್ಕ ತಲಿಯೊಳಗ ಕರೆಂಟಿನ ವಾಯರ್ ತಾಕಿದಂಗ
ಚುರ್ರ್, ಚುರ್ರ್.
ಕಾಗಿಣಾ ಸೇತುವಿ ಮ್ಯಾಲೆ ಬಸ್ಸು ಹೊಂಟಾಗ
ಕಿಟಕಿ ಹೊರಗ ನೋಡಲಿಲ್ಲ, ಬೇಕಂತಲೇ ನೋಡಲಿಲ್ಲ.
ಯಾಕಂತ ಇವತ್ತಿಗೂ ಯಾರಿಗೂ ಹೇಳಿಲ್ಲ.
ಡ್ರೈವರ್ ಮೌಲಾಲಿ ಕನ್ನಡಿಯೊಳಗ ನನ್ನ ಮಾರಿ ನೋಡಿದ್ದ.
ಮರುದಿನ ಸೂಟಿ ಹಾಕಿ ದವಾಖಾನಿತನಕ ಬಂದ,
ಹೊರಗ ಬೇವಿನಗಿಡದ ಕೆಳಗ ನಿಂತ.
ಏನೂ ಕೇಳಲಿಲ್ಲ.

ಡಾಕ್ಟರ್ ಮಹಜಬೀನ್ ಬೈಯಲಿಲ್ಲ.
"ಯಾವ ಗುಳಿಗಿ ಯಾರಿಗೆ ಒಗ್ತದಂತ
ರಕ್ತ ನೋಡಿ ತಿಳಿಯಂಗಿಲ್ಲಮ್ಮ.
ನೀವು ತಿಂದು ಹೇಳಬೇಕು, ನಾ ಕೇಳಿ ಬರೀಬೇಕು.
ಬಿಡೋದಿದ್ದರೂ ಇಬ್ಬರೂ ಕೂಡಿ ಬಿಡೋಣ."
ನಾ ಎಣಿಸಿದೆ: ಐದು ತಿಂಗಳು, ಮೂರು ಗುಳಿಗಿ.
"ಇನ್ನೂ ಎಷ್ಟು ಸ್ಟಾಪ್ ಅವ ರೀ?"
ಅವರಿಗೆ ನಗು ಬಂತು. ನನಗ ಬರಲಿಲ್ಲ.
ನಾಕನೇದು ಬರೆದರು.

ಒಂದು ವಾರ ಏನಿಲ್ಲ.
ಎರಡು ವಾರ ಏನಿಲ್ಲ, ಹೊಟ್ಟಿ ತೊಳಸೋದು ಬಿಟ್ಟರ.
ಮೂರನೇ ವಾರ ರೊಟ್ಟಿ ಬಡಿಯೋ ಸಪ್ಪಳ ಕೇಳಿಸ್ತು,
ಮಗ್ಗಲ ಮನಿದು.
ಅದು ದಿನಾ ಇತ್ತಂತ.

ಆಮ್ಯಾಲ ಒಂದು ಬುಧವಾರ
ಸಿಮಿಟಿ ಫ್ಯಾಕ್ಟರಿ ಗೇಟಿನ್ಯಾಗ ಹತ್ತಿದವ ಒಬ್ಬ
ಎರಡ್ರೂಪಾಯಿ ಚಿಲ್ಲರ ಇಲ್ಲ ಅಂದ.
ಇಷ್ಟು ದಿನ ಎಲ್ಲಾರಿಗೂ "ಇರಲಿ ಬಿಡ್ರಿ" ಅಂತಿದ್ದೆ,
ಲೆಕ್ಕಕ್ಕ ಕಮ್ಮಿ ಬಿದ್ದದ್ದು ರಾತ್ರಿ ನನ್ನ ರೊಕ್ಕದಾಗ ತುಂಬ್ತಿದ್ದೆ.
ಅವತ್ತು, ಎಲ್ಲಿತ್ತೋ ಏನೋ,
"ಇಲ್ಲಂದರ? ಅಂಗಿ ಕಿಸೆ ನೋಡು! ಪ್ಯಾಂಟಿಂದು ನೋಡು!
ನಿನ್ನ ಎರಡ್ರೂಪಾಯಿಗೆ ನಾ ಯಾಕ ಉಪಾಸ ಬೀಳಬೇಕೋ?"
ಸಿಟ್ಟು! ನನ್ನದ ಸಿಟ್ಟು, ಬಿಸಿ ಬಿಸಿ,
ಕೆಂಪು ಖಾರ ಹಚ್ಚಿದ ರೊಟ್ಟಿಯಂಗ ನಾಲಿಗಿ ಮ್ಯಾಲೆ.
ಮೌಲಾಲಿ ಗೇರು ಬದಲಿಸೋದು ಮರೆತ.
ಆ ಮನುಷ್ಯಾ ತಡಕಾಡಿ ಕೊಟ್ಟ ನಾಣ್ಯ ಬೆವತಿತ್ತು.

"ಏನಾದರೂ ಫರಕ?" ಅಂದರು ಡಾಕ್ಟರ್ ಈ ಸಲ.
"ಜಗಳಾಡಿದೆ ರೀ."
ಅವರು ಪೆನ್ನಿನ ಟೊಪ್ಪಿಗಿ ತೆಗೆದು ಬರೆದರು:
ಇದನ್ನೇ ಮುಂದುವರಿಸಿ.

ಒಗ್ಗೇದ ಅನ್ನಂಗಿಲ್ಲ ನಾ ಇನ್ನ.
ಕೆಲವು ಮುಂಜಾನಿ ಹಾಸಿಗಿ ನನ್ನ ಹಿಡಕೋತದ.
ಆದರ ಚೀಲದಾಗ ಐದ್ರೂಪಾಯಿ ಬ್ಯಾರೆ, ಎರಡ್ರೂಪಾಯಿ ಬ್ಯಾರೆ,
ನಡುವ ಬೆಳ್ಳಿ ಹಾಳಿಯ ಗುಳಿಗಿ ಪಟ್ಟಿ,
ಹತ್ತರಾಗ ಆರು ಉಳದಾವ.
ಮಳಖೇಡ ಬಂತು.
ಯಾರ್ರೀ ಮಳಖೇಡ? ಇಳೀರಿ, ಲಗೂನ ಇಳೀರಿ.